ಉಡುಪಿಯ ಮಳೆ, ಚಡಾವು ಮತ್ತು ನನ್ನ ಮೊಬಿಲಿಟಿ ಸ್ಕೂಟರ್: ನಾಲ್ಕು ವರ್ಷದ ಬಳಕೆಯ ನಂತರ

ಕುಂಜಿಬೆಟ್ಟಿನ ನಮ್ಮ ಮನೆಯಿಂದ ತರಕಾರಿ ಅಂಗಡಿಗೆ ಮುನ್ನೂರು ಮೀಟರ್ ದಾರಿ. ಕಾಲು ಸರಿ ಇದ್ದವರಿಗೆ ಐದು ನಿಮಿಷ. ನನ್ನ ಎಡಗಾಲಿಗೆ ಸಣ್ಣವಳಿದ್ದಾಗಲೇ ಪೋಲಿಯೊ ಬಂದಿತ್ತು. ಕಾಲಿಗೆ ಆಸರೆ ಕೊಡುವ ಕ್ಯಾಲಿಪರ್ ಹಾಕಿಕೊಂಡು, ಕೋಲು ಹಿಡಿದು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದೆ. ರಿಟೈರ್ ಆಗುವ ಹೊತ್ತಿಗೆ ಇನ್ನೊಂದು ಕಾಲೂ ಸೋತಿತು. ಆಮೇಲೆ ಆ ಮುನ್ನೂರು ಮೀಟರಿಗೂ ರಿಕ್ಷಾ ಬೇಕು, ಇಲ್ಲವಾದರೆ ಯಾರಾದರೂ ತಂದುಕೊಡುವವರೆಗೆ ಕಾಯಬೇಕು. 2021ರ ಡಿಸೆಂಬರಿನಲ್ಲಿ ಬ್ಯಾಟರಿಯ ಮೊಬಿಲಿಟಿ ಸ್ಕೂಟರ್ ತಗೊಂಡೆ. ನಾಲ್ಕು ಮಳೆಗಾಲ ಕಳೆಯಿತು. ತಗೊಳ್ಳಬೇಕು ಅಂತ ಯೋಚಿಸುವವರು ತುಂಬ ಜನ ಕೇಳುತ್ತಾರೆ, ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಇದು ಪೆಟ್ರೋಲ್ ಸ್ಕೂಟರಿಗೆ ಹಿಂದೆ ಎರಡು ಚಕ್ರ ಸೇರಿಸಿದ ಗಾಡಿ ಅಲ್ಲ. ಕುರ್ಚಿಯ ಹಾಗೆ ಸೀಟು, ಎದುರಿಗೆ ಹ್ಯಾಂಡಲ್, ಕೆಳಗೆ ನಾಲ್ಕು ಸಣ್ಣ ಚಕ್ರ. ನಡೆಯಲು ಕಷ್ಟ ಇರುವವರಿಗೆ ಅಂತಲೇ ಮಾಡಿದ್ದು. ನನ್ನದರ ವೇಗ ಗಂಟೆಗೆ 6 ಕಿಲೋಮೀಟರ್, ಜೋರಾಗಿ ನಡೆಯುವವರ ವೇಗ ಅಷ್ಟೆ. 12 ವೋಲ್ಟಿನ ಎರಡು ಬ್ಯಾಟರಿ ಸೇರಿ 24 ವೋಲ್ಟ್, 20 ಆಂಪಿಯರ್-ಅವರ್. ಮಾರುವವರು ಒಂದು ಚಾರ್ಜಿಗೆ 18 ಕಿಲೋಮೀಟರ್ ಹೋಗುತ್ತದೆ ಅಂದಿದ್ದರು. ಅದು ಸಪಾಟು ನೆಲದ ಲೆಕ್ಕ. ಕುಂಜಿಬೆಟ್ಟಿನ ಏರು ತಗ್ಗಿನ ಒಳರಸ್ತೆಗಳಲ್ಲಿ ನನಗೆ ಸಿಗುವುದು ಒಂಬತ್ತು, ಹೆಚ್ಚೆಂದರೆ ಹತ್ತು. ನಮ್ಮ ಊರಿನಲ್ಲಿ ತಗೊಳ್ಳುವವರು ಕಂಪನಿ ಹೇಳಿದ್ದರ ಅರ್ಧವನ್ನೇ ಲೆಕ್ಕ ಹಿಡಿಯಿರಿ. ಕರೆಂಟ್ ಖರ್ಚಿನ ಬಗ್ಗೆ ಮಾತ್ರ ಯೋಚನೆ ಬೇಡ. ಪೂರ್ತಿ ಖಾಲಿಯಾದ ಬ್ಯಾಟರಿ ತುಂಬಲು ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಜಾಸ್ತಿ ಬೇಕು, ಅಷ್ಟೆ.

ಸ್ಕೂಟರ್ ಬರುವುದಕ್ಕೆ ಮೊದಲೇ ಆಗಬೇಕಾದ ಕೆಲಸ ರ‍್ಯಾಂಪ್. ನಮ್ಮ ಜಗಲಿಗೆ ಆರಾರು ಇಂಚಿನ ಮೂರು ಮೆಟ್ಟಿಲು. ಮೇಸ್ತ್ರಿ ಬಂದು ನೋಡಿ, "ಆರಡಿಯಲ್ಲಿ ಮುಗಿಸಿ ಕೊಡ್ತೇನೆ ಟೀಚರ್" ಅಂದರು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು ಅಂತ ನಾನು ಓದಿಕೊಂಡಿದ್ದೆ. ಹದಿನೆಂಟು ಇಂಚಿಗೆ ಹದಿನೆಂಟು ಅಡಿ. "ಅಷ್ಟು ಉದ್ದ ಎಂತಕ್ಕೆ? ಕಾರೇ ಹತ್ತುತ್ತದೆ ಇದರಲ್ಲಿ" ಅಂದರು ಅವರು. ಅಂಗಳಕ್ಕೆ ಒಂದು ಹಲಗೆ ಇಳಿಜಾರಾಗಿ ಇಟ್ಟು, ಅದರ ಮೇಲೆ ಕುರ್ಚಿ ಇಟ್ಟು, ಕೂತು ನೋಡಿ ಅಂದೆ. ಕೂರಲಿಕ್ಕೆ ಹೋದವರು ಕುರ್ಚಿ ಹಿಂದಕ್ಕೆ ವಾಲಿದ ಕೂಡಲೇ ಎದ್ದರು. ಮತ್ತೆ ಮಾತಾಡಲಿಲ್ಲ. ನೇರವಾಗಿ ಹದಿನೆಂಟು ಅಡಿಗೆ ಜಾಗ ಇರಲಿಲ್ಲ. ಒಂಬತ್ತು ಅಡಿ ಏರಿ, ನಡುವೆ ತಿರುಗಿಸಲು ಐದಡಿಯ ಸಪಾಟು ಜಾಗ, ಮತ್ತೆ ಒಂಬತ್ತು ಅಡಿ. ಎರಡೂ ಬದಿಗೆ ಚಕ್ರ ಜಾರದ ಹಾಗೆ ಸಣ್ಣ ಅಂಚು. ಸಿಮೆಂಟ್ ಹಸಿ ಇರುವಾಗಲೇ ಹಿಡಿಸೂಡಿಯಿಂದ ಅಡ್ಡಗೆರೆ ಎಳೆಸಿದೆ. ಆ ಗೆರೆಗಳ ಬೆಲೆ ಮೊದಲ ಮಳೆಗೇ ಗೊತ್ತಾಯಿತು. ಟೈಲ್ಸ್ ಮಾತ್ರ ಹಾಕಿಸಬೇಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸುತ್ತೇನೆ, ಇಲ್ಲದಿದ್ದರೆ ಹತ್ತು ದಿನದಲ್ಲಿ ಪಾಚಿ ಹಿಡಿಯುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯ ಮಾತು. ಈ ಸ್ಕೂಟರಿನ ಬ್ರೇಕ್ ಬೈಕಿನ ಹಾಗಲ್ಲ. ಹಿಡಿಯುವ ಬ್ರೇಕೇ ಇಲ್ಲ ಅನ್ನಬಹುದು. ಹೆಬ್ಬೆರಳಿನ ಲಿವರ್ ಒತ್ತಿದರೆ ಬ್ರೇಕಿಗೆ ಕರೆಂಟ್ ಸಿಕ್ಕಿ ಅದು ಬಿಡುತ್ತದೆ, ಗಾಡಿ ಓಡುತ್ತದೆ. ಬೆರಳು ತೆಗೆದರೆ ವೇಗ ಇಳಿದು ನಿಲ್ಲುತ್ತದೆ, ಕರೆಂಟ್ ನಿಂತು ಒಳಗಿನ ಸ್ಪ್ರಿಂಗ್ ಬ್ರೇಕನ್ನು ಹಿಡಿದುಕೊಳ್ಳುತ್ತದೆ. ಬ್ಯಾಟರಿ ಸತ್ತರೂ ಬ್ರೇಕ್ ಹಿಡಿದೇ ಇರುತ್ತದೆ. ಬಹಳ ಒಳ್ಳೆಯ ವ್ಯವಸ್ಥೆ. ಆದರೆ ಹಿಂದಿನ ಚಕ್ರದ ಹತ್ತಿರ ಒಂದು ಕೆಂಪು ಲಿವರ್ ಉಂಟು. ಕೆಟ್ಟು ನಿಂತಾಗ ತಳ್ಳಿಕೊಂಡು ಹೋಗಲು ಕೊಟ್ಟದ್ದು. ಅದನ್ನು ಬಿಡಿಸಿದರೆ ಚಕ್ರಕ್ಕೂ ಬ್ರೇಕಿಗೂ ಸಂಬಂಧವೇ ಇರುವುದಿಲ್ಲ.

ಎರಡನೇ ತಿಂಗಳಲ್ಲಿ ಅಕ್ಕನ ಮಗ ಬಂದಿದ್ದ. ಕಾರು ಒಳಗೆ ತರಬೇಕು ಅಂತ ಗೇಟಿನ ಹತ್ತಿರ ಇದ್ದ ಸ್ಕೂಟರನ್ನು ಬದಿಗೆ ತಳ್ಳಲು ಆ ಲಿವರ್ ಬಿಡಿಸಿದ. ತಳ್ಳಿದ, ಕೈ ಬಿಟ್ಟ, ಕಾರಿಗೆ ಹೋದ. ನಮ್ಮ ಗೇಟಿನಿಂದ ರಸ್ತೆಗೆ ಇಳಿಜಾರು. ಮೊದಲು ಒಂದು ಅಡಿ ಸರಿಯಿತು, ಆಮೇಲೆ ಓಡಿತು. ಎದುರು ಮನೆಯ ಕೆಂಪುಕಲ್ಲಿನ ಪಾಗಾರಕ್ಕೆ ಹೋಗಿ ಗುದ್ದಿತು. ಮುಂದಿನ ಬುಟ್ಟಿ ಚಪ್ಪಟೆಯಾಯಿತು. ಸೀಟಿನಲ್ಲಿ ನಾನಿರಲಿಲ್ಲ, ರಸ್ತೆಯಲ್ಲಿ ಮಕ್ಕಳಿರಲಿಲ್ಲ. ನಾನು ಜಗಲಿಯಲ್ಲಿ ನಿಂತು ಅದು ಹೋಗುವುದನ್ನು ನೋಡಿದೆ, ಕೂಗಲೂ ಆಗಲಿಲ್ಲ.

ಅವತ್ತಿನಿಂದ ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಕೂರುವ ಮೊದಲು ಸೀಟಿನ ಬೆನ್ನಿಗೆ ಕೈ ಇಟ್ಟು ಒಮ್ಮೆ ತಳ್ಳುತ್ತೇನೆ. ಅಲುಗದಿದ್ದರೆ ಬ್ರೇಕ್ ಹಿಡಿದಿದೆ. ಸರಿದರೆ ಯಾರೋ ಕೆಂಪು ಲಿವರ್ ಮುಟ್ಟಿದ್ದಾರೆ. ಇದಕ್ಕೆ ಎರಡು ಸೆಕೆಂಡ್ ಸಾಕು. ಇಳಿಜಾರಿನಲ್ಲಿ, ಯಾರಾದರೂ ಕೂತಿರುವಾಗ, ಆ ಲಿವರನ್ನು ಯಾವ ಕಾರಣಕ್ಕೂ ಬಿಡಿಸಬಾರದು.

ಕೀಯ ವಿಷಯವೂ ಹಾಗೇ. ಸೀಟಿಗೆ ಹತ್ತುವಾಗ, ಸೀಟಿನಿಂದ ಇಳಿಯುವಾಗ, ಅಂಗಡಿಯ ಎದುರು ನಿಂತಾಗ ಕೀ ಆಫ್ ಇರಬೇಕು. ನಾನು ಕಲಿತದ್ದು ಮಟ್ಟುಗುಳ್ಳದ ರಾಶಿಯ ಎದುರು. ಕೀ ಆನ್ ಇಟ್ಟುಕೊಂಡೇ ಬದನೆ ಆರಿಸಲು ಬಗ್ಗಿದೆ, ಚೀಲದ ಹಿಡಿ ಹೆಬ್ಬೆರಳಿನ ಲಿವರಿಗೆ ಸಿಕ್ಕಿ ಗಾಡಿ ಮುಂದಕ್ಕೆ ಹಾರಿತು. ಬುಟ್ಟಿ ಮಗುಚಿತು, ಅಂಗಡಿಯಾಕೆಯ ಕಾಲಿಗೆ ತಾಗಿತು. "ಪರವಾಗಿಲ್ಲ ಟೀಚರಮ್ಮ" ಅಂದಳು ಪಾಪ, ಕಾಲು ಮಾತ್ರ ಊದಿತ್ತು. ಓಡುತ್ತಿರುವಾಗ ಕೀ ಆಫ್ ಮಾಡುವುದೂ ತಪ್ಪು. ಬ್ರೇಕ್ ಒಮ್ಮೆಲೇ ಹಿಡಿದು ಮುಂದಕ್ಕೆ ಮುಗ್ಗರಿಸುತ್ತೇವೆ. ಬೆರಳು ಬಿಟ್ಟರೆ ಸಾಕು.

ಸೀರೆ ಉಡುವವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪಿನ್ ಹಾಕಿ. ಹಿಂದಿನ ಚಕ್ರ ಸೀಟಿನ ಪಕ್ಕದಲ್ಲೇ ತಿರುಗುತ್ತದೆ, ಸೆರಗು ಇಳಿದದ್ದು ಕೂತವರಿಗೆ ಕಾಣುವುದಿಲ್ಲ. ಚೂಡಿದಾರದ ಶಾಲು, ಉದ್ದದ ರೇನ್‌ಕೋಟ್, ಎಲ್ಲಕ್ಕೂ ಇದೇ ಮಾತು. ಮತ್ತೆ ಒಂದು ಕೈಯಲ್ಲಿ ಕೊಡೆ ಹಿಡಿದು ಓಡಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಚಡಾವು ಹತ್ತುವಾಗ ನೇರ ಹತ್ತಬೇಕು. ಓರೆಯಾಗಿ ಹತ್ತಿದರೆ ಸುಲಭ ಅಂತ ಕಾಣುತ್ತದೆ, ನಡೆಯುವವರಿಗೆ ಅದು ಸರಿ. ಈ ಗಾಡಿ ಪಕ್ಕಕ್ಕೆ ಮಗುಚುತ್ತದೆ. ಹತ್ತುವಾಗ ಮೈ ಸ್ವಲ್ಪ ಮುಂದಕ್ಕೆ, ಇಳಿಯುವಾಗ ಹಿಂದಕ್ಕೆ. ವೇಗದ ಗುಂಡಿಯಲ್ಲಿ ಆಮೆ, ಮೊಲದ ಚಿತ್ರ ಇರುತ್ತದೆ. ಇಳಿಜಾರು ಶುರುವಾಗುವ ಮೊದಲೇ ಆಮೆಯ ಕಡೆಗೆ ತಿರುಗಿಸಿ, ಇಳಿಯುತ್ತಾ ಇರುವಾಗ ಅಲ್ಲ. ತಿರುವಿನಲ್ಲೂ ಹಾಗೇ. ಮೂರು ಚಕ್ರದ್ದು ಇಕ್ಕಟ್ಟಿನ ಮನೆಯಲ್ಲಿ ಚೆನ್ನಾಗಿ ತಿರುಗುತ್ತದೆ ನಿಜ, ಆದರೆ ನಮ್ಮ ರಸ್ತೆಗಳಿಗೆ ನಾಲ್ಕು ಚಕ್ರದ್ದೇ ಸರಿ ಅಂತ ನನ್ನ ಅನುಭವ. ಹಂಪ್ ಬಂದರೆ ಎರಡು ಮುಂದಿನ ಚಕ್ರ ಒಟ್ಟಿಗೆ ತಾಗುವ ಹಾಗೆ ನೇರ ದಾಟುತ್ತೇನೆ.

ಮಣಿಪಾಲಕ್ಕೆ ಹೋಗುವ ಹೆದ್ದಾರಿಗೆ ನಾನು ಇಳಿಯುವುದೇ ಇಲ್ಲ. ಬಸ್ಸುಗಳ ವೇಗ ಗೊತ್ತುಂಟಲ್ಲ. ನಾವು ಕೂತಾಗ ನಮ್ಮ ತಲೆ ಕಾರಿನ ಕಿಟಕಿಯ ಎತ್ತರಕ್ಕೆ ಬರುತ್ತದೆ, ರಿವರ್ಸ್ ತೆಗೆಯುವವರಿಗೆ ನಾವು ಕಾಣುವುದೇ ಇಲ್ಲ. ಹಿಂದೆ ಒಂದು ಕೋಲಿಗೆ ಕೇಸರಿ ಬಾವುಟ, ಸೀಟಿನ ಬೆನ್ನಿಗೆ ಹೊಳೆಯುವ ಸ್ಟಿಕ್ಕರ್ ಹಾಕಿಸಿದ್ದೇನೆ. ರಥಬೀದಿಗೆ, ಅಜ್ಜರಕಾಡು ಪಾರ್ಕಿಗೆ ಸ್ಕೂಟರನ್ನು ಬಿಡಿಸಿ ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗುತ್ತೇವೆ. ಐದು ಭಾಗ ಆಗುತ್ತದೆ. ಬ್ಯಾಟರಿ ಪೆಟ್ಟಿಗೆಯೇ ಹದಿಮೂರು ಕಿಲೋ, ನಾನು ಎತ್ತಲಾರೆ. ಬೆಳಗ್ಗೆ ಆರೂವರೆಗೆ ಅನಂತೇಶ್ವರ ದೇವಸ್ಥಾನದ ಎದುರಿನಿಂದ ಶುರು ಮಾಡಿ ರಥಬೀದಿಗೆ ಒಂದು ಸುತ್ತು ಬರುತ್ತೇನೆ, ಹೂ ಕಟ್ಟುವವರ ಹತ್ತಿರ ನಿಂತು ಮಾತಾಡುತ್ತೇನೆ. ಇಪ್ಪತ್ತು ವರ್ಷದಿಂದ ಆ ಸುತ್ತು ಬಂದಿರಲಿಲ್ಲ. ಪರ್ಯಾಯ, ವಿಟ್ಲಪಿಂಡಿಯಂಥ ಉತ್ಸವಗಳ ಜನಜಂಗುಳಿಗೆ ಮಾತ್ರ ಒಯ್ಯುವುದಿಲ್ಲ. ಹಿಂದಿನಿಂದ ತಳ್ಳಿದರೆ ನಮ್ಮ ಬೆರಳು ಲಿವರಿನ ಮೇಲೆಯೇ ಬೀಳುತ್ತದೆ.

ಇನ್ನು ಮಳೆ. 2022ರಲ್ಲಿ ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಸ್ಕೂಟರನ್ನು ಜಗಲಿಯ ಮೂಲೆಯಲ್ಲಿ ಟಾರ್ಪಾಲ್ ಮುಚ್ಚಿ ಇಟ್ಟೆ. ಓಡಿಸುವುದಿಲ್ಲವಲ್ಲ, ಚಾರ್ಜ್ ಸುಮ್ನೆ ಯಾಕೆ ಅಂದುಕೊಂಡೆ. ಸೆಪ್ಟೆಂಬರಿನಲ್ಲಿ ತೆಗೆದರೆ ಒಂದೂ ದೀಪ ಹತ್ತಲಿಲ್ಲ. ಎಲೆಕ್ಟ್ರಿಷಿಯನ್ ಮೀಟರ್ ಇಟ್ಟು ನೋಡಿದ. ತುಂಬಿದಾಗ 12.7, 12.8 ತೋರಿಸಬೇಕಾದ ಬ್ಯಾಟರಿ ಎಂಟರ ಕೆಳಗೆ ಇತ್ತು. ಲೆಡ್ ಆಸಿಡ್ ಬ್ಯಾಟರಿಯನ್ನು ಖಾಲಿ ಬಿಟ್ಟರೆ ಒಳಗಿನ ಸೀಸದ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಮತ್ತೆ ಕರಗುವುದಿಲ್ಲ. ಒಂಬತ್ತು ತಿಂಗಳ ಬ್ಯಾಟರಿ, ಎರಡೂ ಹೋಯಿತು. ಬಹಳ ಬೇಜಾರಾಯಿತು. ನನ್ನದೇ ತಪ್ಪು ಹೌದು, ಆದರೆ ಮಾರಿದವರು ಒಂದು ಮಾತು ಹೇಳಬಹುದಿತ್ತು ಅಲ್ವಾ? ಕರಾವಳಿಯವರು ಮಳೆಗಾಲದಲ್ಲಿ ಎಷ್ಟು ತಿಂಗಳು ಒಳಗಿರುತ್ತಾರೆ ಅಂತ ಅವರಿಗೆ ಗೊತ್ತಿಲ್ಲ.

ಈಗ ಓಡಿಸಿದ ದಿನ ರಾತ್ರಿಯೇ ಚಾರ್ಜಿಗೆ ಹಾಕುತ್ತೇನೆ, ಸ್ವಲ್ಪ ದೂರ ಹೋಗಿದ್ದರೂ. ಹಸಿರು ದೀಪ ಬರುವವರೆಗೆ ನಡುವೆ ತೆಗೆಯುವುದಿಲ್ಲ, ಎಂಟು ಹತ್ತು ಗಂಟೆ ಹಿಡಿಯುತ್ತದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಗಾಡಿ ಹೊರಗೆ ಹೋಗದಿದ್ದರೂ ವಾರಕ್ಕೊಮ್ಮೆ ಚಾರ್ಜ್. ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್, ಎಕ್ಸ್‌ಟೆನ್ಶನ್ ವಯರ್ ಇಲ್ಲ, ಗಾಳಿಯಾಡುವ ಜಾಗ, ದೇವರ ದೀಪದಿಂದ ದೂರ. ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಸಂಜೆಗಳಲ್ಲಿ ಗುಡುಗು ಕೇಳಿದ ಕೂಡಲೇ ಪ್ಲಗ್ಗನ್ನೇ ಕಿತ್ತು ಇಡುತ್ತೇನೆ. ಸ್ವಿಚ್ ಆಫ್ ಮಾಡಿದರೆ ಸಾಲದು. ಸಿಡಿಲಿಗೆ ನೆರೆಮನೆಯ ಟಿವಿ ಹೋದದ್ದು ನೋಡಿದ್ದೇನೆ.

ಎರಡನೇ ಜೋಡಿ ತರುವಾಗ ಒಬ್ಬ ಅಂಗಡಿಯವರು ಯುಪಿಎಸ್‌ಗೆ ಹಾಕುವ ಬ್ಯಾಟರಿ ತೋರಿಸಿದರು. ಅಳತೆ ಸರಿ ಇತ್ತು, ಬೆಲೆ ಕಡಿಮೆ. ಆದರೆ ಅದು ಕರೆಂಟ್ ಹೋದಾಗ ಸ್ವಲ್ಪ ಹೊತ್ತು ಕೆಲಸ ಮಾಡಲು ಇರುವಂಥದ್ದು. ದಿನಾ ಖಾಲಿ ಮಾಡಿ ತುಂಬಿಸುವ ನಮ್ಮ ಕೆಲಸಕ್ಕೆ ಡೀಪ್ ಸೈಕಲ್ ಬ್ಯಾಟರಿಯೇ ಬೇಕು. ಎರಡನ್ನೂ ಒಟ್ಟಿಗೆ ಬದಲಿಸಬೇಕು, ಹಳೆಯದೊಂದು ಹೊಸದೊಂದು ಆಗದು. ಆ ಜೋಡಿ ಎರಡೂವರೆ ವರ್ಷ ಬಂತು. ಈಗ ಮೂರನೆಯದು ನಡೆಯುತ್ತಿದೆ.

ಮಳೆಯಲ್ಲಿ ಓಡಿಸಬಾರದು, ಆದರೆ ಸಿಕ್ಕಿಬೀಳುವುದು ಉಂಟು. ಬುಟ್ಟಿಯಲ್ಲಿ ಯಾವಾಗಲೂ ಒಂದು ದೊಡ್ಡ ಪ್ಲಾಸ್ಟಿಕ್ ಚೀಲ ಇಟ್ಟಿರುತ್ತೇನೆ. ಹನಿ ಬಿದ್ದ ಕೂಡಲೇ ಹ್ಯಾಂಡಲಿನ ಮೇಲೆ ಹಾಕಿ, ಯಾವುದಾದರೂ ಅಂಗಡಿಯ ಮಾಡಿನ ಕೆಳಗೆ ನಿಲ್ಲುತ್ತೇನೆ. ಲಿವರ್, ಸ್ವಿಚ್ ಎಲ್ಲ ಅಲ್ಲೇ ಇರುವುದು. ಒದ್ದೆಯಾದರೆ ಮನೆಗೆ ಬಂದು ಒರೆಸಿ, ಸೀಟು ತೆಗೆದು, ರಾತ್ರಿಯಿಡೀ ಟೇಬಲ್ ಫ್ಯಾನ್. ಚಾರ್ಜಿಂಗ್ ಸಾಕೆಟ್ ಒಣಗದೆ ಪ್ಲಗ್ ಹಾಕಬಾರದು. ನಿಂತ ನೀರಿಗೆ ಇಳಿಯಲೇಬೇಡಿ. ಮೋಟರ್ ತೀರಾ ತಗ್ಗಿನಲ್ಲಿ ಇದೆ, ಮತ್ತೆ ಆ ನೀರಿನ ಕೆಳಗೆ ಚರಂಡಿ ಇದ್ದರೆ ಕಾಣುವುದಿಲ್ಲ.

ಉಪ್ಪುಗಾಳಿಯ ವಿಷಯ ಮಲ್ಪೆಗೆ ಹೋಗಿ ಬಂದ ಮೇಲೆ ಗೊತ್ತಾಯಿತು. ಸೀ ವಾಕಿನ ದಾರಿಯಲ್ಲಿ ಚೆನ್ನಾಗಿ ಓಡಿತು, ಮರಳಿಗೆ ಇಳಿಸಲಿಲ್ಲ. ಆದರೂ ಹದಿನೈದು ದಿನದಲ್ಲಿ ಬೋಲ್ಟುಗಳು ಕೆಂಪಾದವು. ಬ್ಯಾಟರಿಯ ತುದಿಯಲ್ಲಿ ಹಸಿರು ಕಿಲುಬು. ಈಗ ಬಂದ ಕೂಡಲೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಇನ್ನೊಮ್ಮೆ. ಪೈಪ್ ಹಿಡಿದು ತೊಳೆಯುವುದಿಲ್ಲ. ಎಲೆಕ್ಟ್ರಿಷಿಯನ್ ಎರಡು ತಿಂಗಳಿಗೊಮ್ಮೆ ತುದಿಗಳನ್ನು ಕೆರೆದು ವ್ಯಾಸಲೀನ್ ಸವರಿ ಹೋಗುತ್ತಾನೆ. ನಮ್ಮ ಟಯರ್ ಗಾಳಿ ಇಲ್ಲದ್ದು, ಪಂಕ್ಚರಿನ ಚಿಂತೆ ಇಲ್ಲ. ಸವೆದಿದೆಯಾ ಅಂತ ಮಾತ್ರ ನೋಡಬೇಕು.

ಸರ್ವಿಸ್ ಬಗ್ಗೆ ನನಗೆ ಸಮಾಧಾನ ಇಲ್ಲ. ಒಮ್ಮೆ ಹತ್ತು ಕಿಲೋದ ಎರಡು ಅಕ್ಕಿ ಚೀಲ ಹೇರಿಕೊಂಡು ಏರು ಹತ್ತುವಾಗ ಗಾಡಿ ನಡುರಸ್ತೆಯಲ್ಲಿ ನಿಂತಿತು. ಫೋನ್ ಮಾಡಿದರೆ ಬೆಂಗಳೂರಿಗೆ ಕಳುಹಿಸಿ ಅಂದರು. ಎಲೆಕ್ಟ್ರಿಷಿಯನ್ ಬಂದು ಸೀಟಿನ ಕೆಳಗೆ ಹೊರಗೆ ಹಾರಿದ್ದ ಒಂದು ಸಣ್ಣ ಗುಂಡಿಯನ್ನು ಒತ್ತಿದ, ಹೊರಟಿತು. ಭಾರ ಜಾಸ್ತಿಯಾದಾಗ ಬೀಳುವ ಬ್ರೇಕರ್ ಅದು. ಒಂದೆರಡು ನಿಮಿಷ ಬಿಟ್ಟು ಒತ್ತಬೇಕು. ಮತ್ತೆ ಬಿದ್ದರೆ ಒತ್ತುತ್ತಾ ಕೂರದೆ ತೋರಿಸಬೇಕು. ಮೂರನೇ ವರ್ಷ ಮೋಟರ್ ಜಗ್ಗಲು ಶುರುವಾಯಿತು, ಮೋಟರಿನೊಳಗೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ ಸವೆದಿತ್ತು. ಸಣ್ಣ ಸಾಮಾನು, ಬರಲು ಮೂರು ವಾರ. ಆ ಮೂರು ವಾರ ನಾನು ಮತ್ತೆ ಜಗಲಿಯಲ್ಲೇ. ಕೊಳ್ಳುವ ಮೊದಲು ಬಿಡಿಭಾಗ ಎಲ್ಲಿಂದ ಬರುತ್ತದೆ, ಮನೆಗೆ ಬಂದು ನೋಡುವವರು ಯಾರು ಅಂತ ಕೇಳಿ, ಬರೆಸಿಕೊಳ್ಳಿ. ಒಂದು ಜೋಡಿ ಬ್ರಷ್ ಮೊದಲೇ ತರಿಸಿಟ್ಟುಕೊಳ್ಳಿ.

ಮತ್ತೆ ತಗೊಳ್ಳುವುದಾದರೆ ಇದೇ ರೀತಿಯದ್ದನ್ನು ತಗೊಳ್ಳುತ್ತೇನೆ, 35 ಆಂಪಿಯರ್-ಅವರಿನ ಬ್ಯಾಟರಿ ಇರುವುದನ್ನು. ಕಣ್ಣು ಮಂಜಾದವರು, ತೂಕಡಿಕೆ ತರುವ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಮುಂದುವರಿಯಬೇಡಿ. ಕೈಯಲ್ಲಿ ಹಿಡಿತ ಇಲ್ಲದವರಿಗೆ ಬ್ಯಾಟರಿಯ ವೀಲ್‌ಚೇರ್ ಒಳ್ಳೆಯದು.

ಕಂಪನಿಯ ಪುಸ್ತಕ ಪೂರಾ ಇಂಗ್ಲಿಷಿನಲ್ಲಿ, ಇರುವೆಯಂಥ ಅಕ್ಷರ. ಅದಕ್ಕೆ ನಾನೇ ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಕನ್ನಡದಲ್ಲಿ ಬರೆದು, ಲ್ಯಾಮಿನೇಟ್ ಮಾಡಿಸಿ, ಸೀಟಿನ ಬೆನ್ನಿಗೆ ಅಂಟಿಸಿದ್ದೇನೆ: "ಕೆಂಪು ಲಿವರ್ ಮುಟ್ಟಬೇಡಿ. ಮುಟ್ಟಿದರೆ ವಾಪಸ್ ಹಾಕಿ, ತಳ್ಳಿ ನೋಡಿ. ಕೀ ತೆಗೆದಿಡಿ. ನೀರು ಹಾಕಬೇಡಿ." ಮನೆಗೆ ಯಾರೇ ಬಂದರೂ ಮೊದಲು ಅದನ್ನು ಓದಿಸುತ್ತೇನೆ. ಅಕ್ಕನ ಮಗ ಪ್ರತಿ ಸಲ ಬಂದಾಗಲೂ ಗಟ್ಟಿಯಾಗಿ ಓದಿಯೇ ಒಳಗೆ ಬರುತ್ತಾನೆ.