ಬಳ್ಳಾರಿಯಲ್ಲಿ 144 ಹರ್ಟ್ಜ್ ಮಾನಿಟರ್ ತಗೊಳ್ಳೋರೇ, ಬಾಕ್ಸ್ ಅಂಗಡಿಯಲ್ಲೇ ಬಿಚ್ಚಿಸಿ

ನಾಲ್ಕು ದಿನದಿಂದ ಬರೆಯಲೋ ಬೇಡವೋ ಅಂತ ಒದ್ದಾಡಿದ್ದೇನೆ. ನಾಚಿಕೆ, ಇನ್ನೇನಿಲ್ಲ. ನಮ್ಮ ಸಿರುಗುಪ್ಪದ ಹುಡುಗರು ಕಂಪ್ಯೂಟರ್ ತಗೊಳ್ಳೋ ಮುಂಚೆ ನನ್ನನ್ನ ಕೇಳುತ್ತಾರೆ. ಅಂಥ ನಾನೇ 9,800 ರೂಪಾಯಿ ಕೊಟ್ಟು ಮೋಸ ಹೋದೆ. ಸುಮ್ನೆ ಕೂತರೆ ನಾಳೆ ಇನ್ನೊಬ್ಬ ಹೋಗಿ ಅಲ್ಲೇ ದುಡ್ಡು ಕಳಕೊಂಡು ಬರುತ್ತಾನೆ. ಅಂಗಡಿ ಹೆಸರು ಈಗ ಹಾಕಲ್ಲ, ದೂರು ಕೊಟ್ಟಿದ್ದೇನೆ, ಅದು ಮುಗಿಯಲಿ.

ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯೋನು ನಾನು. ಸುಗ್ಗಿ ತಿಂಗಳುಗಳಲ್ಲಿ ಹೆಚ್ಚಿಗೆ ಕೂತು ದುಡಿದ ದುಡ್ಡು ಅದು. ವಾಲರಂಟ್ ಅನ್ನೋ ಶೂಟಿಂಗ್ ಗೇಮ್ ಆಡೋಕೆ 24 ಇಂಚಿನ 144 ಹರ್ಟ್ಜ್ ಮಾನಿಟರ್ ಬೇಕಿತ್ತು, ಅಂದ್ರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸೋದು. ಬಳ್ಳಾರಿಗೆ ಬಸ್ ಹತ್ತಿದೆ.

ಅಂಗಡಿಯಲ್ಲಿ ಒಂದು ಮಾನಿಟರ್ ಹಚ್ಚಿಟ್ಟಿದ್ದರು. ಸೆಟ್ಟಿಂಗ್ಸ್ ತೆಗೆದು 144 ಅಂತ ತೋರಿಸಿದರು. ನಾನೇ ಮೌಸ್ ಹಿಡಿದು ಪರದೆ ಮೇಲಿನ ವಿಂಡೋ ಎಳೆದಾಡಿ ನೋಡಿದೆ, ಬೆಣ್ಣೆ ಥರ ಜಾರುತ್ತಿತ್ತು. ಆಮೇಲೆ ಅವರು, "ಇದು ಡೆಮೊ ಪೀಸ್ ತಮ್ಮಾ, ನಿಂಗೆ ಸೀಲ್ ಇರೋದು ಕೊಡ್ತೀನಿ" ಅಂದರು. ನನಗೆ ಖುಷಿಯೇ ಆಯ್ತು. ಅಲ್ಲೇ ಬಿದ್ದೆ ನಾನು. "ಬಿಲ್ ಬೇಕಂದ್ರೆ ಜಿಎಸ್‌ಟಿ 18 ಪರ್ಸೆಂಟ್ ಜಾಸ್ತಿ ಆಗ್ತೈತೆ" ಅಂದರು. ಬೇಡ ಅಂದೆ. ಒಂದು ಚೀಟಿಯಲ್ಲಿ ಮೊತ್ತ ಬರೆದು ಕೊಟ್ಟರು, ಸಹಿಯೂ ಇಲ್ಲ, ಸೀಲೂ ಇಲ್ಲ. ಮುಂಗಡ ಎರಡು ಸಾವಿರ ಫೋನ್‌ನಿಂದ ಕಳಿಸಿದೆ, ಉಳಿದದ್ದು ಕ್ಯಾಶ್. ಬಸ್ಸಿಗೆ ಹೊತ್ತಾಗಿತ್ತು, ಬಾಕ್ಸ್ ಬಿಚ್ಚಲಿಲ್ಲ. ಊರ ತನಕ ತೊಡೆ ಮೇಲೆ ಇಟ್ಕೊಂಡು ಬಂದೆ.

ಮನೆಯಲ್ಲಿ ಹಚ್ಚಿದೆ. ವಿಂಡೋಸ್ ತಾನಾಗೇ 60ಕ್ಕೆ ನಿಂತಿರೋದು ಎಷ್ಟೋ ಸಲ ಆಗುತ್ತೆ, ನಾವೇ ಬದಲಾಯಿಸಬೇಕು, ಅದು ಗೊತ್ತಿರೋ ವಿಷಯ. ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋದೆ. ಪಟ್ಟಿ ತೆರೆದರೆ ಎರಡೇ ಸಾಲು: 60, 75. ಮತ್ತೆ ತೆರೆದೆ. 60, 75. ಡ್ರೈವರ್ ಹೊಸದು ಹಾಕಿದೆ, ಕೇಬಲ್ ಬದಲಾಯಿಸಿದೆ. 60, 75. ಗೇಮಿಂಗ್ ಮಾನಿಟರ್‌ಗೆ ಹಾಕೋ ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕೋಣ ಅಂತ ಮಾನಿಟರ್ ತಿರುಗಿಸಿದರೆ ಆ ತೂತೇ ಇಲ್ಲ. ಒಂದು ಎಚ್‌ಡಿಎಂಐ, ಪಕ್ಕದಲ್ಲಿ ನೀಲಿ ಬಣ್ಣದ ವಿಜಿಎ, ಹಳೇ ಕಾಲದ ತೂತು. ಅದನ್ನ ನೋಡಿದ ಕೂಡಲೇ ಹೊಟ್ಟೆಯೊಳಗೆ ತಣ್ಣಗಾಯ್ತು.

ಹಿಂದಿನ ಸ್ಟಿಕ್ಕರ್‌ನ ಒಂದು ಮೂಲೆ ಎದ್ದಿತ್ತು. ಉಗುರಲ್ಲಿ ಕೆರೆದೆ. ಮೆಲ್ಲಗೆ ಎಳೆದರೆ ಪೂರ್ತಿ ಬಂತು. ಕೆಳಗೆ ಇನ್ನೊಂದು ಸ್ಟಿಕ್ಕರ್, ಹಳದಿ ತಿರುಗಿತ್ತು. ಬೇರೆ ಮಾಡೆಲ್ ನಂಬರ್, ತಯಾರಾದ ವರ್ಷ 2019. ಆ ನಂಬರ್ ಹುಡುಕಿದೆ. ಆಫೀಸ್ ಕೆಲಸದ 75 ಹರ್ಟ್ಜ್ ಮಾನಿಟರ್. ಯಾರೋ ವರ್ಷಗಟ್ಟಲೆ ಬಳಸಿ ಬಿಟ್ಟಿದ್ದನ್ನ ಒರೆಸಿ, ಹೊಸ ಬಾಕ್ಸಿಗೆ ತುಂಬಿ, ಮೇಲೆ ಟೇಪ್ ಹೊಡೆದಿದ್ದಾರೆ.

ಫೋನ್ ಮಾಡಿದೆ. ಅವರ ಉತ್ತರಗಳನ್ನ ಇದ್ದ ಹಾಗೇ ಬರೆಯುತ್ತೇನೆ, ಯಾಕಂದ್ರೆ ನಿಮಗೂ ಇವನ್ನೇ ಹೇಳುತ್ತಾರೆ.

ಮೊದಲು, "ನಿನ್ ಗ್ರಾಫಿಕ್ಸ್ ಕಾರ್ಡ್ ಹಳೇದು ತಮ್ಮಾ." ನನ್ನದು 1660 ಸೂಪರ್, ಫುಲ್ ಎಚ್‌ಡಿಯಲ್ಲಿ 144 ಕೊಡೋಕೆ ಅದಕ್ಕೇನೂ ತೊಂದರೆ ಇಲ್ಲ. ಆಮೇಲೆ, "ಬಾಕ್ಸ್ ಮೇಲೆ 1 ಮಿಲಿಸೆಕೆಂಡ್ ಅಂತ ಐತಲ್ಲ, ಅದೇ ಸ್ಪೀಡು." ಅಲ್ಲ ರೀ! ಅದು ಪಿಕ್ಸೆಲ್ ಬಣ್ಣ ಬದಲಿಸೋ ವೇಗ. ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತೆ ಅನ್ನೋದು ಬೇರೆ. ಆಮೇಲೆ, "ಸಾಫ್ಟ್‌ವೇರಲ್ಲಿ 144 ಮಾಡ್ಕೋ, ಬರ್ತೈತೆ." ಅದನ್ನೂ ಮಾಡಿದೆ. ಪರದೆ ಕಪ್ಪಾಗಿ 'ಔಟ್ ಆಫ್ ರೇಂಜ್' ಅಂತ ಬಂತು.

ಕೊನೆಗೆ ಅಂದದ್ದು, "ಮನುಷ್ಯನ ಕಣ್ಣಿಗೆ 60ರ ಮೇಲೆ ಕಾಣೋದೇ ಇಲ್ಲ ತಮ್ಮಾ, ಸುಮ್ನೆ ಆಡ್ಕೋ."

ಇದನ್ನ ಕೇಳಿ ಮೈ ಉರಿಯಿತು. ಕಾಣೋದಿಲ್ಲ ಅಂದ್ರೆ ಅಂಗಡಿಯಲ್ಲಿ ನನಗೆ ತೋರಿಸಿದ್ದೇನು? 60ರಲ್ಲಿ ಒಂದೊಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತೆ, 144ರಲ್ಲಿ 6.9. ಮೌಸ್ ಜೋರಾಗಿ ತಿರುಗಿಸಿದರೆ ಯಾರಿಗಾದರೂ ಗೊತ್ತಾಗುತ್ತೆ.

ಮರುದಿನ ಮಿಲ್‌ಗೆ ರಜೆ ಹಾಕಿ ಬಳ್ಳಾರಿಗೆ ಹೋದೆ, ಮಾನಿಟರ್ ಹೊತ್ಕೊಂಡು. ಗಿರಾಕಿಗಳ ಮುಂದೆಯೇ, "ಈ ಪೀಸ್ ನಮ್ದೇ ಅಂತ ಏನ್ ಗ್ಯಾರಂಟಿ? ಸ್ಟಿಕ್ಕರ್ ನೀನೇ ಕಿತ್ತೀಯ, ಬಿಲ್ ತೋರ್ಸು" ಅಂದರು. ಬಿಲ್! ಬೇಡ ಅನ್ನಿಸಿದ್ದೇ ಅವರು. ನನಗೆ ಮಾತೇ ಹೊರಡಲಿಲ್ಲ. ಹಿಂದೆ ನಿಂತವರೆಲ್ಲ ನನ್ನನ್ನೇ ನೋಡುತ್ತಿದ್ದರು, ನಾನೇ ಕಳ್ಳ ಅನ್ನೋ ಹಾಗೆ. ಆ ಡೆಮೊ ಪೀಸ್ ಅಲ್ಲೇ ಇತ್ತು, ಇನ್ನೊಬ್ಬ ಹುಡುಗ ಮೌಸ್ ಹಿಡಿದು ನೋಡುತ್ತಿದ್ದ. ಅವನಿಗೆ ಒಂದು ಮಾತು ಹೇಳದೆ ಬಂದೆ. ಅದು ಈಗಲೂ ಚುಚ್ಚುತ್ತೆ.

ಬಿಲ್ ಇಲ್ಲದೆ ತಗೊಳ್ಳಬೇಡಿ. ಬಿಲ್‌ನಲ್ಲಿ ಮಾಡೆಲ್ ನಂಬರ್, ಸೀರಿಯಲ್ ನಂಬರ್ ಎರಡೂ ಬರೆಸಿ. ಬಸ್ ಹೋದರೆ ಹೋಗಲಿ, ನಿಮ್ಮ ಪೀಸನ್ನೇ ಹಚ್ಚಿಸಿ 144 ನೋಡಿ. ಹಿಂದೆ ವಿಜಿಎ ಕಂಡು ಡಿಸ್‌ಪ್ಲೇಪೋರ್ಟ್ ಕಾಣದಿದ್ದರೆ ಅಲ್ಲೇ ನಿಂತು ಪ್ರಶ್ನೆ ಕೇಳಿ. ಸ್ಟಿಕ್ಕರ್ ಮೇಲೆ ಬೆರಳಾಡಿಸಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಎರಡು ಸಾವಿರ ಕಳಿಸಿದ ಸ್ಕ್ರೀನ್‌ಶಾಟ್ ಒಂದೇ ನನ್ನ ಹತ್ತಿರ ಇರೋ ಸಾಕ್ಷಿ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಕೊಟ್ಟ ದುಡ್ಡು ಐದು ಲಕ್ಷದ ತನಕ ಇದ್ದರೆ ಅಲ್ಲಿ ಶುಲ್ಕ ಇಲ್ಲ. ಇಂಥದ್ದೇ ಹೊಸ ಸ್ಟಿಕ್ಕರ್ ಅಂಟಿಸಿದ ಮಾನಿಟರ್ ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ಫೋಟೋ ಕಳಿಸಿ, ದೂರಿನ ಜೊತೆ ಸೇರಿಸುತ್ತೇನೆ.