ವಿಜಯಪುರದಲ್ಲಿ ಹಸಿರು ಮನೆಗೆ ವಿದ್ಯುತ್ ಗುರಿ: ಸಲಹಾ ಸೇವೆ ಹೇಗಿದೆ?

ಮನೆಯ ನಕ್ಷೆ ಅಂತಿಮವಾಗುವ ಮೊದಲೇ, ವರ್ಷಕ್ಕೆ ಎಷ್ಟು ವಿದ್ಯುತ್ತಿನಲ್ಲಿ ಮನೆ ನಡೆಯಬೇಕು ಎಂಬ ಗುರಿ ಬರೆದುಕೊಡುವುದು ಈ ಸಲಹಾ ಸೇವೆಯ ದೊಡ್ಡ ಗುಣ. ಗಿಲಾಯಿ (ಪ್ಲಾಸ್ಟರ್) ಮುಗಿದ ಮೇಲೆ ಗುರಿ ಇಟ್ಟರೆ ಹೆಚ್ಚಾಗಿ ಫ್ಯಾನು, ಬಲ್ಬು ಬದಲಿಸುವುದಷ್ಟೇ ಉಳಿಯುತ್ತದೆ.

ಸೇವೆಯವರು ಕೊಡುವ ವರದಿಗೆ ಆಧಾರ ಇಕೋ ನಿವಾಸ್ ಸಂಹಿತೆ 2018, ಅಂದರೆ ಮನೆಗಳ ವಿದ್ಯುತ್ ಉಳಿತಾಯಕ್ಕೆ ಕೇಂದ್ರ ಸರ್ಕಾರ ತಂದ ನಿಯಮಾವಳಿ. ಅದರ ಪ್ರಕಾರ ಗೋಡೆ, ಕಿಟಕಿಗಳಿಂದ ಒಳಬರುವ ಶಾಖ ಚದರ ಮೀಟರಿಗೆ 15 ವ್ಯಾಟ್ ಮೀರಬಾರದು. ಛಾವಣಿಯ ಯು-ಮೌಲ್ಯ (ಶಾಖ ಎಷ್ಟು ಸುಲಭವಾಗಿ ದಾಟುತ್ತದೆ ಎಂಬ ಅಳತೆ, ಕಡಿಮೆಯಿದ್ದಷ್ಟೂ ಒಳ್ಳೆಯದು) 1.2 ದಾಟಬಾರದು. ಇಲ್ಲಿನ ಏಪ್ರಿಲ್ ಬಿಸಿಲಿಗೆ ಛಾವಣಿಯೇ ಮುಖ್ಯ. ಬರೀ 5 ಇಂಚಿನ ಆರ್‌ಸಿಸಿ ಸ್ಲ್ಯಾಬ್ ಈ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಮೇಲೆ 50 ಮಿ.ಮೀ. ಎಕ್ಸ್‌ಪಿಎಸ್ (ಶಾಖ ತಡೆಯುವ ಗಟ್ಟಿ ಫೋಮ್) ಹಲಗೆ ಹಾಸಿದರೆ ಆರಾಮಾಗಿ ಒಳಗೆ ಬೀಳುತ್ತದೆ. ಆದರೆ ಹಲಗೆಗಳ ಸಂದು ಬಿಟ್ಟರೆ ಅಲ್ಲೇ ಶಾಖ ಇಳಿಯುತ್ತದೆ. ವರದಿ ಈ ಸಂದಿನ ಮಾತೇ ಎತ್ತುವುದಿಲ್ಲ.

ಕರಿಕಲ್ಲಿನ ದಪ್ಪ ಗೋಡೆಯನ್ನು ಶಾಖನಿರೋಧಕ ಎಂದು ವರದಿಯಲ್ಲಿ ಬರೆದಿರುವುದು ತಪ್ಪು. ಅದು ಶಾಖವನ್ನು ತಡೆಯುವುದಿಲ್ಲ, ತಡಮಾಡುತ್ತದೆ. ಮಧ್ಯಾಹ್ನ ಹೀರಿದ್ದನ್ನು ರಾತ್ರಿ ಮಲಗುವ ಕೋಣೆಗೆ ಬಿಡುತ್ತದೆ.

ಇನ್ನೊಂದು ಚಾಲಾಕಿತನ: ವರ್ಷದ ಬಳಕೆಯಿಂದ ಸೋಲಾರ್ ಉತ್ಪಾದನೆ ಕಳೆದು ಗುರಿ ತೋರಿಸಿದ್ದಾರೆ. ಹೀಗಾದರೆ ಮನೆಯ ನಿಜವಾದ ಬಳಕೆ ಎಷ್ಟೆಂದು ಗೊತ್ತಾಗುವುದಿಲ್ಲ. ಸೋಲಾರ್ ಕಳೆಯುವ ಮುಂಚಿನ ಅಂಕಿ, ಲೆಕ್ಕಕ್ಕೆ ಹಿಡಿದ ಎಸಿ ಓಡುವ ತಾಸು, ಥರ್ಮೋಸ್ಟಾಟ್ ಡಿಗ್ರಿ ಬರೆಸಿಕೊಂಡೇ ಕೊನೆಯ ಕಂತು ಕೊಡಿ.