ಲಾಂಗ್ ಬಾಲೋ, ಶಾರ್ಟ್ ಪಾಸೋ?

ಫುಟ್‌ಬಾಲ್‌ನಲ್ಲಿ ಚೆಂಡನ್ನು ಹಿಂದಿನಿಂದ ದೂರಕ್ಕೆ ಎತ್ತಿ ಒದೆಯುವುದು ಲಾಂಗ್ ಬಾಲ್, ಹತ್ತಿರದವರಿಗೆ ದಾಟಿಸುತ್ತ ಸಾಗುವುದು ಶಾರ್ಟ್ ಪಾಸ್. ಒಂದೇ ತಂಡವನ್ನು ಒಂದೇ ಮೈದಾನದಲ್ಲಿ ಎರಡೂ ಬಗೆಯಲ್ಲಿ ಆಡಿಸಿ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಒದೆತವಲ್ಲ, ಚೆಂಡು ಕೆಳಗಿಳಿದ ಮೇಲಿನ ಎರಡು ಸೆಕೆಂಡು. ಲಾಂಗ್ ಬಾಲ್ ಗೆಲ್ಲುವುದೂ ಸೋಲುವುದೂ ಅಲ್ಲೇ.

ಲಾಂಗ್ ಬಾಲ್‌ನಲ್ಲೇ ಎರಡು ಜಾತಿ. ನಡುವಿನಿಂದ ನೇರ ಮುಂದಕ್ಕೆ ಎತ್ತಿದರೆ ಎದುರಾಳಿ ಸೆಂಟರ್ ಬ್ಯಾಕ್‌ಗೆ (ನಡುವಿನ ಡಿಫೆಂಡರ್‌ಗೆ) ಚೆಂಡು ಮುಖಾಮುಖಿ ಕಾಣುತ್ತದೆ. ಆತ ಓಡಿ ಬಂದು ನೆಗೆಯುತ್ತಾನೆ. ನಮ್ಮ ಸ್ಟ್ರೈಕರ್ ಗೋಲಿಗೆ ಬೆನ್ನು ಹಾಕಿ ನಿಂತಲ್ಲೇ ನೆಗೆಯಬೇಕು. ಓರೆಯಾಗಿ ಎತ್ತುವುದು ಬೇರೆಯೇ ಲೆಕ್ಕ. 1990ರ ದಶಕದಲ್ಲಿ ಕೋಚ್ ಎಗಿಲ್ ಓಲ್ಸೆನ್ ಅವರ ನಾರ್ವೆ ತಂಡ ಎಡ ಬ್ಯಾಕ್‌ನಿಂದ ಬಲ ಅಂಚಿಗೆ ಚೆಂಡು ಹಾಕಿಸುತ್ತಿತ್ತು. ಅಲ್ಲಿ ಕಾಯುತ್ತಿದ್ದವರು ಆರಡಿ ಮೀರಿದ ಯೋಸ್ಟೈನ್ ಫ್ಲೋ. ಅವರ ಜೊತೆ ನೆಗೆಯಬೇಕಾದವನು ಸಾಮಾನ್ಯವಾಗಿ ಅವರಿಗಿಂತ ಗಿಡ್ಡನಾದ ಫುಲ್ ಬ್ಯಾಕ್ (ಅಂಚಿನ ಡಿಫೆಂಡರ್), ಅದೂ ಚೆಂಡನ್ನೂ ಆಳನ್ನೂ ಒಟ್ಟಿಗೆ ನೋಡಲಾಗದ ಕೋನದಲ್ಲಿ. ನೇರ ಒದೆತಕ್ಕಿಂತ ಇದು ಎಷ್ಟೋ ವಾಸಿ.

ತಲೆಗೆ ಸಿಕ್ಕಿದರೆ ಮುಗಿಯಲಿಲ್ಲ. ಹೆಡ್ ಮಾಡುವವನಿಂದ ಎಂಟು-ಹತ್ತು ಮೀಟರ್ ಒಳಗೆ ಮೂವರು ಬೇಕು: ಒಬ್ಬ ಆತನನ್ನು ದಾಟಿ ಓಡುವವ, ಒಬ್ಬ ಒಳಬದಿಗೆ, ಒಬ್ಬ ಹಿಂದೆ. ಚೆಂಡು ಗಾಳಿಯಲ್ಲಿರುವಾಗಲೇ ಡಿಫೆನ್ಸ್ ಸಾಲು ಹದಿನೈದು ಮೀಟರಾದರೂ ಮೇಲೇರಬೇಕು. ಒದ್ದವರು ಸೊಂಟಕ್ಕೆ ಕೈಯಿಟ್ಟು ನೋಡುತ್ತ ನಿಂತರೆ ನಡುವೆ ನಲವತ್ತು ಮೀಟರ್ ಬಯಲು. ಎರಡನೇ ಚೆಂಡು, ಅಂದರೆ ಹೆಡ್ ಆದ ಮೇಲೆ ಕೆಳಗೆ ಬೀಳುವ ಚೆಂಡು, ಪ್ರತಿ ಸಲವೂ ಎದುರಾಳಿಯ ಪಾಲು. ಬೆನ್ನಗಾಳಿಯಿದ್ದರೆ ಇನ್ನೊಂದು ತೊಂದರೆ, ಚೆಂಡು ಜಾರಿ ಸೀದಾ ಗೋಲ್‌ಕೀಪರ್ ಕೈಗೆ.

ಶಾರ್ಟ್ ಪಾಸ್‌ಗೆ 2019ರ ನಿಯಮ ಬದಲಾವಣೆ ಬಲ ಕೊಟ್ಟಿತು: ಗೋಲ್ ಕಿಕ್ಕನ್ನು (ಎದುರಾಳಿ ಒದ್ದ ಚೆಂಡು ನಮ್ಮ ಗೋಲ್ ಗೆರೆ ದಾಟಿ ಹೊರಹೋದಾಗ ನಾವು ಒದೆಯುವ ಕಿಕ್) ಪೆನಾಲ್ಟಿ ಬಾಕ್ಸ್ ಒಳಗೇ ನಮ್ಮವರು ಪಡೆಯಬಹುದು. ಎದುರಾಳಿ ಇಬ್ಬರನ್ನು ಕಳಿಸಿದರೆ ಕೀಪರ್ ಸೇರಿ ನಾವು ಮೂವರು, ದಾರಿ ಸಲೀಸು. ಕೆಡುವುದು ಪಾಸ್ ತೆಗೆದುಕೊಳ್ಳುವವನ ಮೈ ತನ್ನ ಗೋಲಿನ ಕಡೆಗೇ ತಿರುಗಿದ್ದಾಗ: ಮೊದಲ ಟಚ್ ಹಿಂದಕ್ಕೆ, ಎರಡನೆಯದಕ್ಕೆ ಮುನ್ನ ಎದುರಾಳಿ ಮೈಮೇಲೆ. ಮಳೆಗಾಲದ ಕೆಸರಲ್ಲಂತೂ ಪಾಸ್ ಅರ್ಧದಾರಿಯಲ್ಲೇ ನಿಂತುಬಿಡುತ್ತದೆ. ಅಲ್ಲಿ ಹಟ ಹಿಡಿದು ಶಾರ್ಟ್ ಆಡುವುದು ಗೋಲು ದಾನ ಮಾಡಿದಂತೆ.

ಲಾಂಗ್ ಬಾಲ್ ಪರ ವಾದಿಸುವವರು ಇಂಗ್ಲೆಂಡಿನ ಫುಟ್‌ಬಾಲ್ ವಿಶ್ಲೇಷಕ ಚಾರ್ಲ್ಸ್ ರೀಪ್ ಲೆಕ್ಕ ಮುಂದಿಡುತ್ತಾರೆ. ಸುಮಾರು 80% ಗೋಲುಗಳು ಮೂರು ಅಥವಾ ಕಡಿಮೆ ಪಾಸ್‌ಗಳಿಂದ ಬಂದವು ಎಂದು 1968ರಲ್ಲಿ ಅವರು ತೋರಿಸಿದ್ದು ನಿಜ. ಆದರೆ ಅವರದೇ ಅಂಕಿಗಳಲ್ಲಿ ಹತ್ತರಲ್ಲಿ ಒಂಬತ್ತು ದಾಳಿಗಳೂ ಅಷ್ಟೇ ಗಿಡ್ಡ! ಪಾಲಿಗೆ ತಕ್ಕಷ್ಟು ಗೋಲೂ ಬರಲಿಲ್ಲ ಅಂತಾಯಿತು.

ಆಯ್ಕೆಗೆ ಎದುರಾಳಿಯ ತಲೆ ಎಣಿಸಿದರೆ ಸಾಕು. ಇಬ್ಬರು ಮೇಲೆ ಬಂದರೆ ಶಾರ್ಟ್. ನಾಲ್ವರು ಬಂದರೆ ಹಿಂದೆ ಜಾಗ ಖಾಲಿಯಾಗಿರುತ್ತದೆ, ಓರೆಯಾಗಿ ಎತ್ತಿ. ಗೋಲ್ ಕಿಕ್‌ನಿಂದ ನೇರ ಬಂದ ಚೆಂಡಿಗೆ ಆಫ್‌ಸೈಡ್ (ಎದುರಾಳಿ ಡಿಫೆನ್ಸ್ ಸಾಲಿನ ಹಿಂದೆ ನಿಂತು ಪಾಸ್ ಪಡೆಯುವ ತಪ್ಪು) ಇಲ್ಲ, ಹಾಗಾಗಿ ಸ್ಟ್ರೈಕರನ್ನು ಕೊನೆಯ ಡಿಫೆಂಡರ್‌ನ ಬೆನ್ನ ಹಿಂದೆಯೇ ನಿಲ್ಲಿಸಿ. ಆತನನ್ನು ಬಿಟ್ಟು ಮೇಲೇರಲು ಡಿಫೆಂಡರ್ ಅಂಜುತ್ತಾನೆ, ಒಂದೂ ಲಾಂಗ್ ಬಾಲ್ ಒದೆಯದೆಯೇ ನಡುಮೈದಾನ ತೆರೆದುಕೊಳ್ಳುತ್ತದೆ.